ತಾಜ್ ಮಹಲ್ ಹಳದಿಯಾಗಿದ್ದು ಆಸಿಡ್ ಮಳೆಯಿಂದಾನಾ?

ಹಾಸನದ ಹುಡುಗ:
ಹೋದ ತಿಂಗಳು ಮನೆಯವರೆಲ್ಲ ಆಗ್ರಾಕ್ಕೆ ಹೋಗಿದ್ದೆವು. ದೂರದಿಂದ ತಾಜ್ ಹಾಲಿನ ಹಾಗೆ ಕಾಣಿಸಿತು. ಹತ್ತಿರ ಹೋದರೆ ಅಲ್ಲಲ್ಲಿ ಹಳೇ ಬನಿಯನ್ ಥರ ಹಳದಿ. ಗೈಡ್ ಎಲ್ಲಾ ಆಸಿಡ್ ಮಳೆ ಕೆಲಸ ಅಂತ ಒಂದೇ ಮಾತಲ್ಲಿ ಮುಗಿಸಿದ. ಎಂಟನೇ ಕ್ಲಾಸಿನ ಮಗಳು ಪುಸ್ತಕದಲ್ಲೂ ಹಾಗೇ ಇದೆ ಅಂತಾಳೆ. ನನ್ನ ಅನುಮಾನ ಇಷ್ಟೇ, ಆಸಿಡ್ ಬಿದ್ದರೆ ಕಲ್ಲು ಸವೆಯಬೇಕು, ಹಳದಿ ಯಾಕಾಗುತ್ತದೆ? ಆ ಮಳೆಯಲ್ಲಿ ನೆನೆದರೆ ಮೈ ಉರಿಯುತ್ತಾ?

ರಿಟೈರ್ಡ್ ಮೇಷ್ಟ್ರು:
ಮೈ ಉರಿಯಲ್ಲ ಮಾರಾಯ್ರೇ, ನಿಂಬೆ ಪಾನಕ ಇದಕ್ಕಿಂತ ಎಷ್ಟೋ ಹುಳಿ. ಮಾಮೂಲಿ ಮಳೆಯೂ ಸ್ವಲ್ಪ ಹುಳಿಯೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಪಿಎಚ್ (ಹುಳಿ ಅಳೆಯುವ ಅಂಕ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5.6 ಇರುತ್ತದೆ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಹೊಗೆ, ವಾಹನಗಳ ನೈಟ್ರೋಜನ್ ಆಕ್ಸೈಡ್ ಇವು ಗಾಳಿಯಲ್ಲೇ ಸಲ್ಫ್ಯೂರಿಕ್, ನೈಟ್ರಿಕ್ ಆಸಿಡ್ ಆಗಿ ಮಳೆಗೆ ಸೇರಿದರೆ ಪಿಎಚ್ 4ರ ಆಸುಪಾಸಿಗೂ ಇಳಿಯಬಹುದು. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಜಾಸ್ತಿ, ಅದನ್ನು ಮರೆಯಬೇಡಿ.

ಕಲ್ಲಿಗೆ ಏನಾಗುತ್ತದೆ ಅಂತ ನಮ್ಮ ಅಡುಗೆಮನೆಯಲ್ಲೇ ನೋಡಿದ್ದೇನೆ. ಹಿಂಡಿದ ನಿಂಬೆಹೋಳನ್ನು ಮಾರ್ಬಲ್ ಕಟ್ಟೆ ಮೇಲೆ ರಾತ್ರಿಯಿಡೀ ಬಿಟ್ಟಿದ್ದರು. ಬೆಳಿಗ್ಗೆ ಹೋಳಿನಷ್ಟೇ ಅಗಲಕ್ಕೆ ಹೊಳಪು ಹೋಗಿ ಮಬ್ಬಾಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಕಲೆಯಾಗಿದ್ದರೆ ತಾನೇ ಹೋಗೋದು, ಅಲ್ಲಿ ಕಲ್ಲೇ ಸವೆದಿತ್ತು. ಗಂಧಕದ ಆಸಿಡ್ ಆದರೆ ಮಾರ್ಬಲ್‌ನ ಮೇಲ್ಪದರ ಜಿಪ್ಸಮ್ ಆಗುತ್ತದೆ. ಅದು ಪುಡಿಪುಡಿ, ಮಳೆ ಬಿದ್ದರೆ ತೊಳೆದು ಹೋಗುತ್ತದೆ.

ಧೂಳು ಧೂಮ:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಹಳದಿ ಬಣ್ಣಕ್ಕೆ ಉತ್ತರ ಬರಲಿಲ್ಲ. ಐಐಟಿ ಕಾನ್ಪುರದವರೂ ಅಮೆರಿಕದವರೂ ಸೇರಿ ತಾಜ್ ಹತ್ತಿರ ಮಾರ್ಬಲ್ ಚೂರುಗಳನ್ನಿಟ್ಟು ಅದರ ಮೇಲೆ ಏನು ಕೂರುತ್ತದೆ ಅಂತ ನೋಡಿದರು. ಸಿಕ್ಕಿದ್ದು ಧೂಳು, ಮತ್ತೆ ಕಸ, ಸೌದೆ, ಬೆರಣಿ ಥರದ್ದು ಸುಟ್ಟಾಗ ಬರುವ ಕಂದು ಇಂಗಾಲ. ಅಂದರೆ ಹಳದಿಗೆ ಮುಖ್ಯ ಕಾರಣ ಮಸಿ ಮತ್ತು ಧೂಳು. ಅದನ್ನು ತೆಗೆಯೋಕೆ ಪುರಾತತ್ವ ಇಲಾಖೆ ಮುಲ್ತಾನಿ ಮಿಟ್ಟಿ ಬಳಿಯುತ್ತದೆ, ಮದುವೆ ಹುಡುಗಿಗೆ ಬಳಿದ ಹಾಗೆ!

ಇನ್ನೊಂದು ವಿಷಯ, ಉತ್ತರ ಭಾರತದ ಧೂಳಿನಲ್ಲಿ ಸುಣ್ಣದಂಶ ಇದೆ. ಅದು ಮಳೆಯ ಹುಳಿಯನ್ನು ಮುರಿದುಬಿಡುತ್ತದೆ. ಹಾಗಂತ ಗಂಧಕ ನಿರಪರಾಧಿ ಅಲ್ಲ, ಮಳೆಯೇ ಬರದಿದ್ದರೂ ಇಬ್ಬನಿ ಕೂತ ಕಲ್ಲಿಗೆ ನೇರ ಅಂಟುತ್ತದೆ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾಜ್ ಸುತ್ತಮುತ್ತಲಿನ 292 ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಟ್ಟು ಗ್ಯಾಸ್‌ಗೆ ಬನ್ನಿ, ಇಲ್ಲ ಜಾಗ ಖಾಲಿ ಮಾಡಿ ಎಂದಿದ್ದು ಸುಮ್ನೆ ಅಲ್ಲ. ಈಗ ನೋಡಿದರೆ, ವಿದ್ಯುತ್ ಸ್ಥಾವರಗಳ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕಿ ಅಂತ 2015ರಿಂದ ಹೇಳಿ ಹೇಳಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಕೊಟ್ಟರು. ನನಗಂತೂ ಒಪ್ಪಿಗೆಯಿಲ್ಲ.

ಸ್ವೀಡನ್ ಕನ್ನಡಿಗ:
ಆಸಿಡ್ ಮಳೆಯ ನಿಜವಾದ ಹೊಡೆತ ಬಿದ್ದಿದ್ದು ಈ ಕಡೆ. ಬ್ರಿಟನ್, ಜರ್ಮನಿಯವರು ತಮ್ಮೂರಿನ ಗಾಳಿ ಚೆನ್ನಾಗಿರಲಿ ಅಂತ ಚಿಮಣಿ ಎತ್ತರ ಮಾಡಿದರು, ಹೊಗೆ ಗಾಳಿ ಹಿಡಿದು ಸ್ವೀಡನ್, ನಾರ್ವೆಗೆ ಬಂತು. ಇಲ್ಲಿ ಕೆಳಗಿರೋದು ಗ್ರಾನೈಟ್, ಹುಳಿ ಮುರಿಯೋಕೆ ಸುಣ್ಣ ಇಲ್ಲ. ಮಣ್ಣಿನ ಅಲ್ಯೂಮಿನಿಯಂ ಬಿಟ್ಟುಕೊಂಡು ಕೆರೆಗಿಳಿದು ಮೀನಿನ ಕಿವಿರಿಗೆ ಕೂತು ಉಸಿರು ಕಟ್ಟಿಸಿತು, ಮೊಟ್ಟೆಯೂ ಮರಿಯಾಗಲಿಲ್ಲ. ವಿಚಿತ್ರ ಅಂದರೆ ಅಂಥ ಕೆರೆಯ ನೀರು ತಳ ಕಾಣುವಷ್ಟು ತಿಳಿ. ಚಂದ ಇದೆ ಅನ್ಸುತ್ತೆ, ಒಳಗೆ ಜೀವ ಕಡಿಮೆ ಅಷ್ಟೇ. 1970ರ ದಶಕದಿಂದ ದೋಣಿ, ಹೆಲಿಕಾಪ್ಟರ್‌ನಲ್ಲಿ ಕೆರೆಗಳಿಗೆ ಸುಣ್ಣದ ಕಲ್ಲಿನ ಪುಡಿ ಸುರಿಯುತ್ತಿದ್ದಾರೆ. ಯೂರೋಪಿನಲ್ಲಿ ಗಂಧಕದ ಹೊಗೆ ತುಂಬಾ ಇಳಿದರೂ ಆ ಕೆಲಸ ಪೂರ್ತಿ ನಿಂತಿಲ್ಲ, ಮಣ್ಣು ಸುಧಾರಿಸೋಕೆ ದಶಕಗಳು ಬೇಕು.

ಹಾಸನದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಹಾಗಾದ್ರೆ ಪರೀಕ್ಷೆಯಲ್ಲಿ ಮಸಿ ಅಂತ ಬರೀಲಾ ಅಂತ ಕೇಳ್ತಿದ್ದಾಳೆ.

ರಿಟೈರ್ಡ್ ಮೇಷ್ಟ್ರು:
ಆಸಿಡ್ ಮಳೆ ಅಂತ ಬರೆದು, ಕೆಳಗೆ ಮಸಿ, ಧೂಳು ಅಂತಲೂ ಸೇರಿಸಲಿ. ನಾನಾಗಿದ್ದರೆ ಅರ್ಧ ಮಾರ್ಕು ಜಾಸ್ತಿನೇ ಕೊಡ್ತಿದ್ದೆ.