ಮೊದಲ ಆಟ ಗೆಲುವು, ಸೈಡ್‌ಬೋರ್ಡ್ ಬಳಸಿದ ಮೇಲೆ ಸೋಲು: ಬಿಳಿ ಕ್ರಿಯೇಚರ್ ಡೆಕ್‌ನಲ್ಲಿ ತಪ್ಪೆಲ್ಲಿದೆ?

ಪ್ರಶ್ನೆ

ನಮಸ್ಕಾರ. ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಮಾಡರ್ನ್ ಫಾರ್ಮ್ಯಾಟ್‌ನಲ್ಲಿ (ಯಾವ ಕಾರ್ಡ್‌ಗಳನ್ನು ಬಳಸಬಹುದೆಂಬ ನಿಯಮದ ಒಂದು ಬಗೆ) ನಾನು ಸಣ್ಣ ಬಿಳಿ ಕ್ರಿಯೇಚರ್‌ಗಳ (ದಾಳಿ ಮಾಡುವ, ತಡೆಯುವ ಜೀವಿ ಕಾರ್ಡ್‌ಗಳ) ಡೆಕ್ ಆಡುತ್ತಿದ್ದೇನೆ. 60 ಕಾರ್ಡ್‌ಗಳಲ್ಲಿ 20 ಲ್ಯಾಂಡ್‌ಗಳು (ಮನಾ ಕೊಡುವ ಕಾರ್ಡ್‌ಗಳು; ಮನಾ ಎಂದರೆ ಉಳಿದ ಕಾರ್ಡ್‌ಗಳನ್ನು ಆಡಲು ತೆರುವ ಬೆಲೆ), ಒಂದು ಮನಾದ 12, ಎರಡು ಮನಾದ 16 ಮತ್ತು ಮೂರು ಮನಾದ 4 ಕ್ರಿಯೇಚರ್‌ಗಳು, ಜೊತೆಗೆ ಒಂದು ಕ್ರಿಯೇಚರನ್ನು ಆಟದಿಂದ ತೆಗೆಯುವ ಪಾತ್ ಟು ಎಕ್ಸೈಲ್ 4 ಮತ್ತು ಬಿಳಿ ಕ್ರಿಯೇಚರ್‌ಗಳ ಬಲ ಹೆಚ್ಚಿಸುವ ಆನರ್ ಆಫ್ ದ ಪ್ಯೂರ್ 4 ಇವೆ. ಕಂಟ್ರೋಲ್ ಡೆಕ್‌ಗಳ (ಎದುರಾಳಿಯನ್ನು ತಡೆಯುತ್ತಾ ಆಟವನ್ನು ಎಳೆದು ಗೆಲ್ಲುವ ಡೆಕ್‌ಗಳ) ಎದುರು ಮೊದಲ ಆಟವನ್ನು ಹೆಚ್ಚಾಗಿ ಗೆಲ್ಲುತ್ತೇನೆ. ಆಮೇಲಿನ ಎರಡನ್ನೂ ಸೋಲುತ್ತೇನೆ. ಎದುರಾಳಿ ನಾಲ್ಕನೆಯ ಸರದಿಯಲ್ಲಿ ಎಲ್ಲ ಕ್ರಿಯೇಚರ್‌ಗಳನ್ನೂ ನಾಶ ಮಾಡುವ ನಾಲ್ಕು ಮನಾದ ರಾತ್ ಆಫ್ ಗಾಡ್ ಆಡಿ ಮೇಜನ್ನೇ ಗುಡಿಸಿಬಿಡುತ್ತಾರೆ, ಅಷ್ಟರಲ್ಲಿ ನನ್ನ ಕೈಯೂ ಬರಿದಾಗಿರುತ್ತದೆ. ಇದನ್ನು ತಡೆಯಲೆಂದು ಸೈಡ್‌ಬೋರ್ಡ್ (ಆಟಗಳ ನಡುವೆ ಬದಲಿಸಲು ಪಕ್ಕಕ್ಕಿಟ್ಟ ಕಾರ್ಡ್‌ಗಳು) ಬಳಸಿ, ಒಂದು ಮನಾದ 6 ಕ್ರಿಯೇಚರ್‌ಗಳನ್ನೂ ಎರಡು ಮನಾದ ಒಂದನ್ನೂ ತೆಗೆದು, ಬ್ರೇವ್ ದ ಎಲಿಮೆಂಟ್ಸ್ 3, ಡಿಸೆನ್‌ಚಾಂಟ್ 2, ಥಾಲಿಯಾ ಗಾರ್ಡಿಯನ್ ಆಫ್ ಥ್ರಾಬೆನ್ 2 ಸೇರಿಸುತ್ತೇನೆ. ಮೂರು ಥಾಲಿಯಾ ಇವೆಯಾದರೂ ಅದು ಲೆಜೆಂಡರಿ (ಒಬ್ಬರ ಮುಂದೆ ಮೇಜಿನ ಮೇಲೆ ಒಂದೇ ಇರಬಹುದಾದ ಕಾರ್ಡ್) ಆಗಿರುವುದರಿಂದ ಒಂದನ್ನು ಹೊರಗೇ ಬಿಡುತ್ತೇನೆ. ಇನ್ನೂ ಹೆಚ್ಚು ಕಾರ್ಡ್‌ಗಳನ್ನು ಬದಲಿಸಬೇಕೇ?

ಉತ್ತರ 1

ಹೆಚ್ಚಲ್ಲ, ಕಡಿಮೆ ಬದಲಿಸಬೇಕು. ನೀವು ಒಂದೇ ಎಂದುಕೊಂಡಿರುವ ಸೋಲಿಗೆ ನನಗೆ ಎರಡು ಬೇರೆ ಬೇರೆ ಕಾರಣಗಳು ಕಾಣುತ್ತಿವೆ.

ಮೊದಲು ಎರಡನೆಯ ಆಟವನ್ನು ನೋಡೋಣ. ಹಿಂದಿನ ಆಟ ಸೋತವರು ಯಾರು ಮೊದಲು ಆಡಬೇಕೆಂಬುದನ್ನು ನಿರ್ಧರಿಸುತ್ತಾರೆ. ಆದ್ದರಿಂದ ನೀವು ಮೊದಲನೆಯದನ್ನು ಗೆದ್ದಾಗಲೆಲ್ಲ ಎರಡನೆಯದರಲ್ಲಿ ಎದುರಾಳಿಯೇ ಮುಂದೆ ಇರುತ್ತಾರೆ ಮತ್ತು ಅವರ ನಾಲ್ಕನೆಯ ಸರದಿ ನಿಮ್ಮ ನಾಲ್ಕನೆಯ ಸರದಿಗಿಂತ ಮೊದಲೇ ಬರುತ್ತದೆ. ಸವಾನಾ ಲಯನ್ಸ್‌ನಂತಹ 2 ಬಲದ ಕ್ರಿಯೇಚರ್ ಒಂದನ್ನು ಮೊದಲ ಸರದಿಯಲ್ಲಿ, ಅಂತಹವೇ ಎರಡನ್ನು ಎರಡನೆಯದರಲ್ಲಿ ಇಳಿಸಿದಿರೆಂದುಕೊಳ್ಳಿ. ಇಳಿಸಿದ ಸರದಿಯಲ್ಲೇ ಕ್ರಿಯೇಚರ್ ದಾಳಿ ಮಾಡಲಾರದು. ತಡೆಯುವವರಿಲ್ಲದಿದ್ದರೆ ಎರಡನೆಯ ಸರದಿಯಲ್ಲಿ 2, ಮೂರನೆಯದರಲ್ಲಿ 6, ಒಟ್ಟು 8 ಹಾನಿಯಾಗಿ ಎದುರಾಳಿ 20ರಿಂದ 12 ಲೈಫ್‌ಗೆ ಇಳಿಯುತ್ತಾರೆ. ಮರುಕ್ಷಣವೇ ರಾತ್ ಬೀಳುತ್ತದೆ. ಮೂರನೆಯ ಸರದಿಯಲ್ಲಿ ನೀವು ಇಳಿಸಿದ ಹೊಸ ಕ್ರಿಯೇಚರ್‌ಗಳು ಒಮ್ಮೆಯೂ ದಾಳಿ ಮಾಡದೆ ಸಾಯುತ್ತವೆ. ಅವುಗಳನ್ನು ಕೈಯಲ್ಲೇ ಇಟ್ಟುಕೊಂಡಿದ್ದರೂ ಎದುರಾಳಿ 12ರಲ್ಲೇ ಇರುತ್ತಿದ್ದರು. ಎರಡನೆಯವರಾಗಿ ಆಡುವಾಗ ಆ ಸರದಿಯ ಮನಾವನ್ನು ಆನರ್ ಆಫ್ ದ ಪ್ಯೂರ್‌ಗೆ ಕೊಡಿ: ಅದು ಕ್ರಿಯೇಚರ್ ಅಲ್ಲವಾದ್ದರಿಂದ ರಾತ್ ನಂತರವೂ ಮೇಜಿನ ಮೇಲೆ ಉಳಿಯುತ್ತದೆ, ಮುಂದೆ ಬರುವವುಗಳನ್ನು ಬೆಳೆಸುತ್ತದೆ, ಆ ಸರದಿಯ ದಾಳಿಗೂ 3 ಹಾನಿ ಸೇರಿಸುತ್ತದೆ.

ಮೂರನೆಯ ಆಟದಲ್ಲಿ ನೀವೇ ಮೊದಲು ಆಡುತ್ತೀರಿ, ಆದರೂ ಸೋಲುತ್ತೀರಿ. ಅಲ್ಲಿ ದೋಷ ಇರುವುದು ನಿಮ್ಮ ಬದಲಾವಣೆಯಲ್ಲೇ. ಒಂದು ಮನಾದ ಕ್ರಿಯೇಚರ್‌ಗಳು 12 ಇದ್ದಾಗ ಮೊದಲ ಏಳು ಕಾರ್ಡ್‌ಗಳಲ್ಲಿ ಒಂದಾದರೂ ಸಿಗುವ ಸಂಭವ ಸುಮಾರು ಶೇ. 81, ಅವು 6ಕ್ಕೆ ಇಳಿದರೆ ಸುಮಾರು ಶೇ. 54. ಅಂದರೆ ವೇಗವನ್ನೇ ನಂಬಿದ ಡೆಕ್ ಹತ್ತಿರ ಹತ್ತಿರ ಅರ್ಧ ಆಟಗಳಲ್ಲಿ ಮೊದಲ ಸರದಿಯನ್ನು ಸುಮ್ಮನೆ ಕಳೆಯುತ್ತದೆ. ಆ ಜಾಗಕ್ಕೆ ಬಂದಿರುವುದಾದರೂ ಏನು? ಬ್ರೇವ್ ದ ಎಲಿಮೆಂಟ್ಸ್ ಕೊಡುವುದು ಒಂದು ಬಣ್ಣದಿಂದ ಪ್ರೊಟೆಕ್ಷನ್. ಪ್ರೊಟೆಕ್ಷನ್ ಆ ಬಣ್ಣದ ಹಾನಿಯನ್ನೂ ಗುರಿಯಿಡುವುದನ್ನೂ ಬ್ಲಾಕ್ ಮಾಡುವುದನ್ನೂ ತಡೆಯುತ್ತದೆ. ರಾತ್ ಆಫ್ ಗಾಡ್ ಹಾನಿ ಮಾಡುವುದಿಲ್ಲ, ಯಾವುದನ್ನೂ ಗುರಿಯಿಡುವುದಿಲ್ಲ, ನೇರವಾಗಿ ಎಲ್ಲವನ್ನೂ ನಾಶ ಮಾಡುತ್ತದೆ. ಆ ಮೂರು ಕಾರ್ಡ್‌ಗಳು ಎಲ್ಲ ಕ್ರಿಯೇಚರ್‌ಗಳಿಗೂ ಹಾನಿ ಮಾಡುವ ಕೆಂಪು ಕಾರ್ಡ್ ಆ್ಯಂಗರ್ ಆಫ್ ದ ಗಾಡ್ಸ್‌ಗೆ ಸರಿಯಾದ ಉತ್ತರ, ರಾತ್‌ಗೆ ಉತ್ತರವೇ ಅಲ್ಲ. ಈ ಕೆಲಸಕ್ಕೆ ಬೇಕಿರುವುದು ಸೆಲ್ಫ್‌ಲೆಸ್ ಸ್ಪಿರಿಟ್: ತನ್ನನ್ನು ಬಲಿಕೊಟ್ಟು ಉಳಿದವಕ್ಕೆ ಆ ಸರದಿಯ ಮಟ್ಟಿಗೆ ಇಂಡಿಸ್ಟ್ರಕ್ಟಿಬಲ್ (ನಾಶವಾಗದ ಗುಣ) ಕೊಡುತ್ತದೆ, ಮೇಲಾಗಿ ಅದೇ ಒಂದು ಹಾರುವ ಕ್ರಿಯೇಚರ್. ಡಿಸೆನ್‌ಚಾಂಟ್ ಅನ್ನು, ನಾಶ ಮಾಡಲೇಬೇಕಾದ ಆರ್ಟಿಫ್ಯಾಕ್ಟನ್ನೋ ಎನ್‌ಚಾಂಟ್‌ಮೆಂಟನ್ನೋ ಕಣ್ಣಾರೆ ಕಂಡ ಮೇಲೆ ಮಾತ್ರ ತನ್ನಿ.

ಹೊರಗೆ ಹೋಗಬೇಕಾದದ್ದು ಪಾತ್ ಟು ಎಕ್ಸೈಲ್. ಕ್ರಿಯೇಚರ್‌ಗಳೇ ವಿರಳವಾದ ಡೆಕ್‌ನ ಎದುರು ಅದು ಕೈಯಲ್ಲಿ ಕೊಳೆಯುತ್ತದೆ. ಮೂರನ್ನು ತೆಗೆದು ಮೂರೂ ಥಾಲಿಯಾಗಳನ್ನು ಹಾಕಿ, ಕೊನೆಗೆ ಬರುವ ಒಂದು ದೊಡ್ಡ ಕ್ರಿಯೇಚರ್‌ಗಾಗಿ ಒಂದು ಪಾತ್ ಉಳಿಸಿಕೊಳ್ಳಿ. ಥಾಲಿಯಾ ಇದ್ದಾಗ ಕ್ರಿಯೇಚರ್ ಅಲ್ಲದ ಸ್ಪೆಲ್‌ಗಳಿಗೆ ಒಂದು ಮನಾ ಹೆಚ್ಚು ತೆರಬೇಕು, ಹಾಗಾಗಿ ರಾತ್‌ಗೆ ಐದು ಮನಾ ಬೇಕು. ಎರಡನೆಯವರಾಗಿ ಆಡುವಾಗ ನೀವು ಕಳೆದುಕೊಳ್ಳುತ್ತಿದ್ದ ನಾಲ್ಕನೆಯ ಸರದಿಯ ದಾಳಿ ಹಾಗೆ ಮರಳಿ ಸಿಗುತ್ತದೆ. ಲೆಜೆಂಡರಿ ಎಂಬ ಅಂಜಿಕೆ ಇಲ್ಲಿ ಬೇಡ, ಏಕೆಂದರೆ ಮೊದಲನೆಯದನ್ನು ಎದುರಾಳಿ ಕೊಲ್ಲದೆ ಬಿಡುವುದು ಅಪರೂಪ. ಥಾಲಿಯಾ ನಿಮ್ಮ ಆನರ್‌ಗೂ ಒಂದು ಮನಾ ಹೆಚ್ಚಿಸುತ್ತದೆ, ಆ ಲೆಕ್ಕ ಮರೆಯಬೇಡಿ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಕೈಯಲ್ಲಿ ಹಿಡಿದಿಟ್ಟುಕೊಳ್ಳುವ ಸಲಹೆಯನ್ನು ಎಲ್ಲ ಆಟಕ್ಕೂ ಅನ್ವಯಿಸಬೇಡಿ. ಎದುರಾಳಿಯ ಬಳಿ ನಾಲ್ಕು ರಾತ್ ಇದ್ದು, ಅವರೇ ಮೊದಲು ಆಡಿದರೂ ನಾಲ್ಕನೆಯ ಸರದಿಯವರೆಗೆ ಅವರು ನೋಡುವುದು 10 ಕಾರ್ಡ್. ಬೇರೆ ಕಾರ್ಡ್‌ಗಳಿಂದ ಹುಡುಕದಿದ್ದರೆ ಅದರಲ್ಲಿ ಒಂದಾದರೂ ಇರುವ ಸಂಭವ ಸುಮಾರು ಶೇ. 53 ಮಾತ್ರ. ಇಲ್ಲದ ರಾತ್‌ಗೆ ಹೆದರಿ ನಿಧಾನವಾದವರು ತಾವೇ ಕಂಟ್ರೋಲ್ ಡೆಕ್‌ಗೆ ಉಸಿರು ಕೊಟ್ಟಂತೆ. ನೀವು ಮೊದಲು ಆಡುವಾಗ ಮೂರನೆಯ ಸರದಿಯ ಕ್ರಿಯೇಚರ್‌ಗೆ ಒಂದು ದಾಳಿ ಖಂಡಿತ ಸಿಗುವುದರಿಂದ ನಾನಾದರೆ ಇನ್ನೊಂದನ್ನು ಇಳಿಸುತ್ತೇನೆ, ಎರಡನ್ನಲ್ಲ. ಲೆಕ್ಕ ಹಾಕಿ: ಮೂರು ಕ್ರಿಯೇಚರ್‌ಗಳಿಂದ 2, 6, 6, 6 ಎಂದು ಐದನೆಯ ಸರದಿಗೆ 20 ಮುಗಿಯುತ್ತದೆ, ಐದು ಕ್ರಿಯೇಚರ್‌ಗಳಾದರೂ 2, 6, 10 ಸೇರಿ ನಾಲ್ಕನೆಯ ಸರದಿಗೆ 18 ಮಾತ್ರ. ಮುಗಿಯುವ ಸರದಿ ಬದಲಾಗುವುದಿಲ್ಲ. ಸಾಧ್ಯವಾದರೆ ಎರಡು ಲ್ಯಾಂಡ್‌ಗಳ ಬದಲು, ಮನಾ ತೆತ್ತು ಆ ಸರದಿಗೆ ಕ್ರಿಯೇಚರ್ ಆಗಿಸಬಹುದಾದ ಲ್ಯಾಂಡ್ ಆದ ಮ್ಯೂಟವಾಲ್ಟ್ ಹಾಕಿ ನೋಡಿ. ಎದುರಾಳಿಯ ಸರದಿಯಲ್ಲಿ ಅದು ಬರೀ ಲ್ಯಾಂಡ್ ಆಗಿರುವುದರಿಂದ ರಾತ್ ಅದನ್ನು ಮುಟ್ಟುವುದಿಲ್ಲ. ಅದು ಬಿಳಿ ಮನಾ ಕೊಡುವುದಿಲ್ಲವಾದ್ದರಿಂದ ಎರಡಕ್ಕಿಂತ ಹೆಚ್ಚಾದರೆ ಬಿಳಿ ಮನಾ ಸಾಲದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪ್ರೊಟೆಕ್ಷನ್ ವಿಷಯವನ್ನು ನಾನು ಇಷ್ಟು ದಿನ ತಪ್ಪಾಗಿ ತಿಳಿದಿದ್ದೆ ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತಿದೆ. ಒಂದು ಮನಾದವುಗಳನ್ನು ತೆಗೆಯುವ ಅಭ್ಯಾಸ ನನಗೆ ಬಂದದ್ದು ಬೇರೆ ಕ್ರಿಯೇಚರ್ ಡೆಕ್‌ಗಳ ಎದುರು ಆಡಿ. ಅಲ್ಲಿಯೂ ಅದು ತಪ್ಪೇ?

ಉತ್ತರ 1

ಅಲ್ಲಿ ತಪ್ಪಲ್ಲ, ಅದರಲ್ಲೂ ನೀವು ಎರಡನೆಯವರಾಗಿ ಆಡುವಾಗ. ಎದುರಿಗೆ ಆಗಲೇ ಒಂದು 2/2 (ಬಲ 2, ತಾಳಿಕೆ 2) ನಿಂತಿದ್ದರೆ ನಿಮ್ಮ 2/1 ದಾಳಿಗೆ ಹೋಗಲಾರದು. ನಾಲ್ಕೈದನ್ನು ತೆಗೆದು ಕೆಂಪಿನಿಂದ ಪ್ರೊಟೆಕ್ಷನ್ ಇರುವ ಕೋರ್ ಫೈರ್‌ವಾಕರ್‌ನಂತಹವನ್ನು ಕೆಂಪು ಡೆಕ್‌ಗಳಿಗೆ ತರಬಹುದು, ನಾಲ್ಕೂ ಪಾತ್ ಒಳಗೇ ಇರಲಿ. ಮೊದಲು ಆಡುವ ಸರದಿ ನಿಮ್ಮದಾದಾಗ ಆ 2/1ಗಳನ್ನು ಮತ್ತೆ ಒಳಗೆ ತನ್ನಿ.