ಹಳೆಯ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗೆ ಮನೆಯಲ್ಲೇ ಜೀವ ತುಂಬಬಹುದೇ? ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ, ಹಾಸನದಿಂದ:
ತಾತನ ಕಾಲದ ವಾಲ್ವ್ ರೇಡಿಯೋವನ್ನು ಅಟ್ಟದಿಂದ ಇಳಿಸಿದ್ದೇನೆ. ಇನ್ನೂ ಕರೆಂಟ್ ಕೊಟ್ಟಿಲ್ಲ. ಷಾಸಿಯ (ಬಿಡಿಭಾಗಗಳನ್ನು ಕೂರಿಸಿದ ಲೋಹದ ತಟ್ಟೆ) ಮೇಲೆ 32+32 ಮೈಕ್ರೋಫ್ಯಾರಡ್, 350 ವೋಲ್ಟ್ ಎಂದು ಬರೆದಿರುವ, ಒಂದರಲ್ಲೇ ಎರಡು ಭಾಗವಿರುವ ಅಲ್ಯೂಮಿನಿಯಂ ಡಬ್ಬಿಯ ಕೆಪಾಸಿಟರ್ ಇದೆ. ನಿಧಾನವಾಗಿ ಚಾರ್ಜ್ ಮಾಡಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ತೂತು ಕೊರೆದು ಸಿರಿಂಜಿನಲ್ಲಿ ನೀರು ಬಿಡಿ ಎಂದು ಇನ್ನೊಬ್ಬರು. ಯಾವುದು ನಿಜ? ಫ್ಯಾನ್, ಪಂಪುಗಳ ಕೆಪಾಸಿಟರ್‌ಗೂ ಇದು ನಡೆಯುತ್ತದೆಯೇ?

ಶಿವಮೊಗ್ಗದಿಂದ:
ಕರೆಂಟ್ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಿದರೆ ಕೆಪಾಸಿಟರ್ ಬಿಸಿಯಾಗಿ ಸಿಡಿಯಬಹುದು, ಜೊತೆಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಮತ್ತು ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಸಿಗುವುದು ಬಲು ಕಷ್ಟ.

ಈ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರಾವಣದಲ್ಲಿ ನೆನೆದ ಕಾಗದ ಇರುತ್ತವೆ. ವಿದ್ಯುತ್ತನ್ನು ತಡೆದು ನಿಲ್ಲಿಸುವುದು ಆ ಕಾಗದವಲ್ಲ, ಹಾಳೆಯ ಮೇಲಿನ ಆಕ್ಸೈಡ್ ಪದರ. ತಯಾರಿಸುವಾಗ ಕೊಟ್ಟ ಪ್ರತಿ ವೋಲ್ಟಿಗೆ ಸುಮಾರು 1.4 ನ್ಯಾನೋಮೀಟರ್ ದಪ್ಪದಂತೆ ಅದು ಬೆಳೆದಿರುತ್ತದೆ. ಬಳಸದೆ ಇಟ್ಟರೆ ಈ ಪದರ ಅಲ್ಲಲ್ಲಿ ಕೆಟ್ಟು ಸೋರಿಕೆ, ಅಂದರೆ ಪದರ ದಾಟಿ ಹರಿಯುವ ಕರೆಂಟ್, ಹೆಚ್ಚುತ್ತದೆ. ಒಳಗೆ ದ್ರಾವಣ ಇನ್ನೂ ಉಳಿದಿದ್ದರೆ, ಮಿತವಾದ ಡಿಸಿ ಕರೆಂಟ್ ಹರಿಸಿದಾಗ ಪದರ ಮತ್ತೆ ಬೆಳೆಯುತ್ತದೆ. ನಿಮಗೆ ಮೊದಲನೆಯವರು ಹೇಳಿದ್ದು ಇದನ್ನೇ, ಮತ್ತು ಅದು ನಿಜ. ದ್ರಾವಣವೇ ಒಣಗಿದ್ದರೆ, ಡಬ್ಬಿಯ ಬಾಯಿ ಮುಚ್ಚಿದ ರಬ್ಬರಿನ ಬಳಿ ದ್ರಾವಣ ಸೋರಿದ ಕಲೆ ಇದ್ದರೆ, ಡಬ್ಬಿ ಉಬ್ಬಿದ್ದರೆ ಚಾರ್ಜ್ ಮಾಡಿ ಪ್ರಯೋಜನವಿಲ್ಲ.

ನಾನು ಮಾಡುವ ಕ್ರಮ ಹೀಗಿದೆ. ಕೆಪಾಸಿಟರ್‌ನ ತಂತಿಗಳನ್ನು ಸರ್ಕ್ಯೂಟಿನಿಂದ ಬಿಡಿಸುತ್ತೇನೆ. ವೋಲ್ಟೇಜ್ ಹೊಂದಿಸಬಹುದಾದ, ಮೇನ್ಸ್‌ನಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಬೇರ್ಪಟ್ಟ ಡಿಸಿ ಸಪ್ಲೈಗೆ 47 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಜೋಡಿಸುತ್ತೇನೆ. ಧನ, ಋಣ ಅದಲುಬದಲಾಗಲೇಬಾರದು. 50 ವೋಲ್ಟಿನಿಂದ ಶುರು. ಮೀಟರನ್ನು ಕೆಪಾಸಿಟರ್‌ಗೆ ಹಿಡಿಯುವ ಬದಲು ರೆಸಿಸ್ಟರ್‌ನ ಎರಡು ತುದಿಗಳಿಗೆ ಹಿಡಿಯಿರಿ: ಅಲ್ಲಿ 47 ವೋಲ್ಟ್ ಕಂಡರೆ ಹರಿಯುತ್ತಿರುವುದು 1 ಮಿಲಿಆಂಪಿಯರ್. ಅದು ಕೆಲವು ವೋಲ್ಟಿಗೆ ಇಳಿದ ಮೇಲೆ ಮುಂದಿನ 50 ವೋಲ್ಟ್ ಏರಿಸುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಿದರೆ ಡಬ್ಬಿ ಬಿಸಿಯಾಗುತ್ತದೆ. ಕೊನೆಯಲ್ಲಿ ಸೋರಿಕೆ ಅರ್ಧ ಮಿಲಿಆಂಪಿಯರ್ ಒಳಗೆ ನಿಂತು, ಡಬ್ಬಿ ತಣ್ಣಗಿದ್ದರೆ ಅದನ್ನು ನಂಬಬಹುದು. ಆಮೇಲೂ ಮೈಕ್ರೋಫ್ಯಾರಡ್ ಅಳೆಯಿರಿ. ಸೋರಿಕೆ ಕಡಿಮೆಯಾಗಿದ್ದೂ ಒಳಗೆ ಒಣಗಿರುವ ಕೆಪಾಸಿಟರ್‌ಗಳಿವೆ, ಅಂಥದ್ದನ್ನು ಹಾಕಿದರೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಹೋಗುವುದಿಲ್ಲ.

ದಯವಿಟ್ಟು ಒಂದು ಮಾತು ಕೇಳಿ. 300 ವೋಲ್ಟ್ ಡಿಸಿ ಕೊಲ್ಲುವಂಥದ್ದು. ಸಪ್ಲೈ ಆರಿಸಿದ ಮೇಲೂ ಚಾರ್ಜ್ ಉಳಿದಿರುತ್ತದೆ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಕೆಲವು ಸೆಕೆಂಡ್ ಅಡ್ಡ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವುದು ಬೇಡ. ಖಾಲಿ ಮಾಡಿಟ್ಟ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತಿಗೆ ತಾನಾಗಿಯೇ ಒಂದಷ್ಟು ವೋಲ್ಟೇಜ್ ಮರಳಿ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ರೆಸಿಸ್ಟರನ್ನು ಅಲ್ಲೇ ಕಟ್ಟಿಬಿಡಿ. ಈ ಕೆಲಸ ಹೊಸತಾದರೆ 25 ವೋಲ್ಟಿನ ಹಳೆಯ ಕೆಪಾಸಿಟರ್ ತೆಗೆದುಕೊಂಡು, 9 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ, 10 ಕಿಲೋಓಮ್ ಮೂಲಕ ಕೊಟ್ಟು ಸೋರಿಕೆ ಇಳಿಯುವುದನ್ನು ಮೊದಲು ನೋಡಿ. ಪ್ರಯೋಗದ ಸಂತೋಷ ಅಲ್ಲಿಯೂ ಅಷ್ಟೇ ಇದೆ.

ಇನ್ನು ಸಿರಿಂಜಿನ ಉಪಾಯ. ನೀರು ಹೋದ ತಕ್ಷಣ ಮೀಟರಿನಲ್ಲಿ ಮೈಕ್ರೋಫ್ಯಾರಡ್ ಏರಬಹುದು. ಆದರೆ ಮೊದಲಿದ್ದ ದ್ರಾವಣದ ಹದ ಬರಿಯ ನೀರಿಗಿಲ್ಲ, ನೀರು ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಜೊತೆಗೆ ಕೆಲವು ಕೆಪಾಸಿಟರ್‌ಗಳ ದ್ರಾವಣ ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ. ಕೊರೆಯಬೇಡಿ.

ತುಮಕೂರಿನಿಂದ:
ಪಂಪಿನ ವಿಷಯ ನಾನು ಹೇಳುತ್ತೇನೆ. ಸಿಂಗಲ್ ಫೇಸ್ ಬೋರ್‌ವೆಲ್ ಮೋಟರಿನ ಪ್ಯಾನೆಲ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡು ಬಗೆ ಇರುತ್ತವೆ. ಸ್ಟಾರ್ಟಿಂಗ್ ಕೆಪಾಸಿಟರ್ ಎಲೆಕ್ಟ್ರೋಲೈಟಿಕ್ ನಿಜ, ಆದರೆ ಎಸಿಗಾಗಿ ಮಾಡಿದ್ದು, ಧನ ಋಣ ಇಲ್ಲ. ಕೆಲವೇ ಸೆಕೆಂಡ್ ದುಡಿಯಲು ಮಾಡಿದ್ದು. ಬಟನ್ ಅಂಟಿಕೊಂಡು ಲೈನಿನಲ್ಲೇ ಉಳಿದರೆ ಬಿಸಿಯಾಗಿ ಒಡೆಯುತ್ತದೆ. ಅದಕ್ಕೆ ಮೇಲಿನ ಚಿಕಿತ್ಸೆ ನಡೆಯುವುದಿಲ್ಲ, ಬದಲಿಸಿ. ರನ್ನಿಂಗ್ ಕೆಪಾಸಿಟರ್ ಹಾಗೂ ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳಲ್ಲಿ ದ್ರಾವಣವೂ ಇಲ್ಲ, ಆಕ್ಸೈಡೂ ಇಲ್ಲ, ಇರುವುದು ಪ್ಲಾಸ್ಟಿಕ್ ಹಾಳೆಯ ಮೇಲೆ ಲೇಪಿಸಿದ ಲೋಹ. ಸುಟ್ಟ ಜಾಗದಲ್ಲಿ ಲೋಹ ಆವಿಯಾಗಿ ಹೋಗಿರುತ್ತದೆ, ಅದಕ್ಕೇ ಫ್ಯಾನ್ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತದೆ. ಹೋದ ಲೋಹ ಮರಳಿ ಬರುವುದಿಲ್ಲ.

ಮೈಸೂರಿನಿಂದ:
ಟಿವಿ, ಮಾನಿಟರ್, ಅಡಾಪ್ಟರ್‌ಗಳಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಪ್ರಯೋಗ ಬೇಡ. ಅಲ್ಲಿ ಕೆಡುವುದು ಬಹುಮಟ್ಟಿಗೆ ಒಳಗಿನ ಸರಣಿ ನಿರೋಧ (ಕರೆಂಟ್ ಹರಿಯಲು ಕೆಪಾಸಿಟರ್‌ನೊಳಗೇ ಇರುವ ಅಡ್ಡಿ, ಇಎಸ್ಆರ್) ಏರಿ, ಅದನ್ನು ಚಾರ್ಜ್ ಮಾಡಿ ಇಳಿಸಲಾಗದು. 105 ಡಿಗ್ರಿಯ ಹೊಸದನ್ನೇ ಹಾಕಿ. ಸುತ್ತಲಿನ ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ: 105 ಡಿಗ್ರಿಯಲ್ಲಿ 2000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 32,000 ಗಂಟೆಯವರೆಗೆ ಬರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳುವುದಾದರೆ ಅಲ್ಲೇ ಅಳೆದು ನೋಡಲು ಮೀಟರ್ ಜೊತೆಗೆ ಒಯ್ಯಿರಿ.

ಹಾಸನದಿಂದ ಮತ್ತೆ:
ಎಲ್ಲರಿಗೂ ವಂದನೆಗಳು. ರೇಡಿಯೋ ದುರಸ್ತಿ ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. ಒಂದು ಭಾಗದ ಸೋರಿಕೆ ಚೆನ್ನಾಗಿ ಇಳಿಯಿತು. ಇನ್ನೊಂದು, ಸಪ್ಲೈ 250 ವೋಲ್ಟ್ ಇದ್ದಾಗ 4 ಮಿಲಿಆಂಪಿಯರ್‌ಗೆ ಬಂದು ಅಲ್ಲೇ ನಿಂತಿದೆ. ಮುಂದೇನು?

ಶಿವಮೊಗ್ಗದಿಂದ:
ಅಲ್ಲಿಗೆ ನಿಲ್ಲಿಸಿ. ಈಗ ಹೆಚ್ಚಿನ ವೋಲ್ಟೇಜ್ ರೆಸಿಸ್ಟರಿನಲ್ಲೇ ಬೀಳುತ್ತಿದೆ; ರೇಡಿಯೋದಲ್ಲಿ ಅದಿಲ್ಲದೆ 250 ವೋಲ್ಟ್ ನೇರವಾಗಿ ಬಿದ್ದರೆ, 4 ಮಿಲಿಆಂಪಿಯರ್ ಎಂದೇ ಲೆಕ್ಕ ಹಾಕಿದರೂ ಡಬ್ಬಿಯೊಳಗೇ ಒಂದು ವ್ಯಾಟ್ ಶಾಖ. ಆ ಭಾಗದ ತಂತಿಯನ್ನು ಬಿಡಿಸಿ, ಷಾಸಿಯ ಕೆಳಗೆ 33 ಮೈಕ್ರೋಫ್ಯಾರಡ್, 450 ವೋಲ್ಟಿನ ಹೊಸದನ್ನು ಹಾಕಿ. ಹಳೆಯದಕ್ಕೆ ಸಮಾನಾಂತರವಾಗಿ ಜೋಡಿಸಬೇಡಿ, ಸೋರಿಕೆ ಹಾಗೇ ಉಳಿಯುತ್ತದೆ. ಡಬ್ಬಿ ಮೇಲೆ ಇದ್ದಲ್ಲೇ ಇರಲಿ, ಸೆಟ್ಟಿನ ಚಂದ ಕೆಡುವುದಿಲ್ಲ. ಹೆಚ್ಚಿನ ಮೈಕ್ರೋಫ್ಯಾರಡ್ ಹಾಕುವ ಆಸೆ ಬೇಡ. ನಿಮ್ಮದು ಇಝಡ್80 ರೆಕ್ಟಿಫೈಯರ್ ಆಗಿದ್ದರೆ ಅದರ ಪಕ್ಕದ ಮೊದಲ ಕೆಪಾಸಿಟರ್ 50 ಮೈಕ್ರೋಫ್ಯಾರಡ್ ಮೀರುವಂತಿಲ್ಲ. ಮೇಣದ ಕಾಗದದ ಕೆಪಾಸಿಟರ್‌ಗಳಿದ್ದರೆ, ಮುಖ್ಯವಾಗಿ ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಸಿಗ್ನಲ್ ಒಳಬರುವ ಪಿನ್) ಹೋಗುವುದನ್ನು, ಪರೀಕ್ಷಿಸದೆಯೇ ಬದಲಿಸಿ. ಮತ್ತೊಂದು: ಡಬ್ಬಿಯ ಬುಡದಲ್ಲಿ ಫೈಬರ್ ವಾಷರ್ ಇದೆಯೇ ನೋಡಿ. ಇದ್ದರೆ ಅದರ ಋಣ ಷಾಸಿಗೆ ನೇರವಾಗಿ ಸೇರಿಲ್ಲ ಎಂದರ್ಥ, ಹೊಸದರ ಋಣವನ್ನೂ ಡಬ್ಬಿಯ ಟ್ಯಾಗಿಗೇ ಬೆಸೆಯಬೇಕು. ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ ಹಳೆಯ ಬಗೆಯ ಬಲ್ಬನ್ನು ಸರಣಿಯಲ್ಲಿ ಹಾಕಿಕೊಳ್ಳಿ. ಬಲ್ಬ್ ಪೂರ್ತಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ, ಎಲ್ಲೋ ಶಾರ್ಟ್ ಇದೆ.