ಅಪ್‌ಡೇಟ್: ‘ತ್ಯು ಮ ಮಾಂಕ್’ ಕೊನೆಗೂ ಅರ್ಥವಾಯಿತು

ಹೋದ ತಿಂಗಳು ಕೇಳಿದ್ದೆ: “ನನಗೆ ನಿನ್ನ ನೆನಪಾಗುತ್ತಿದೆ” ಅನ್ನೋದಕ್ಕೆ ಫ್ರೆಂಚ್‌ನಲ್ಲಿ ‘ತ್ಯು ಮ ಮಾಂಕ್’ ಅಂತಾರೆ, ಅಲ್ಲಿ ‘ನೀನು’ ಯಾಕೆ ಮೊದಲು ಬರುತ್ತದೆ? ಲಿಯಾನ್‌ನಲ್ಲಿರುವ ಅಕ್ಕನಿಗೆ ನಾನು ‘ಜ ತ ಮಾಂಕ್’ ಅಂತ ಕಳಿಸಿದ್ದೆ. ಅರ್ಥ “ನಿನಗೆ ನನ್ನ ನೆನಪಾಗುತ್ತಿದೆ” ಅಂತ ತಿರುಗಿಹೋಗಿತ್ತು.

“ಇಂಗ್ಲಿಷ್ ಬಿಡಿ, ಕನ್ನಡದಲ್ಲೇ ಯೋಚನೆ ಮಾಡಿ” ಅಂತ ಒಬ್ಬರು ಉತ್ತರ ಕೊಟ್ಟಿದ್ದರು. ಅವರಿಗೆ ತುಂಬಾ ಥ್ಯಾಂಕ್ಸ್! ಜಯನಗರದಿಂದ ಮೆಟ್ರೋದಲ್ಲಿ ಬರುವಾಗ ನೋಟ್‌ಬುಕ್ಕಲ್ಲಿ ಬರೆದು ನೋಡಿದೆ. ಇಲ್ಲಿ ‘ತ್ಯು’ ಅಂದರೆ ‘ನೀನು’, ‘ಮ’ ಅಂದರೆ ‘ನನಗೆ’. ಪದಕ್ಕೆ ಪದ ಇಟ್ಟರೆ ‘ನೀನು ನನಗೆ ಕೊರತೆಯಾಗಿದ್ದೀಯ’, ಅದಕ್ಕೇ ‘ನೀನು’ ಮೊದಲು. ‘ತ್ಯು ಮ ಪ್ಲೇ’: ನೀನು ನನಗೆ ಇಷ್ಟ. ‘ಇಲ್ ಮ ಫೋ ಅಂ ಕಫೇ’: ನನಗೊಂದು ಕಾಫಿ ಬೇಕು. ನಮ್ಮ ‘ಗೆ’ ಮಾಡುವ ಕೆಲಸವೇ ಅಲ್ವಾ?

ಒಂದು ಎಚ್ಚರ. ‘ತ್ಯು ಮ ವ್ವಾ’ (ನೀನು ನನ್ನನ್ನು ನೋಡುತ್ತೀಯ) ಅಂದಾಗ ಅದೇ ‘ಮ’ ‘ನನ್ನನ್ನು’ ಆಗುತ್ತದೆ. ಮೂರನೆಯವರ ವಿಷಯದಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ: ‘ಲ್ಯುಯಿ’ ಅಂದರೆ ಅವನಿಗೆ ಅಥವಾ ಅವಳಿಗೆ, ‘ಲ’ ಅವನನ್ನು, ‘ಲಾ’ ಅವಳನ್ನು. ಇದನ್ನು ಇನ್ನೂ ಜಾಸ್ತಿ ಅಭ್ಯಾಸ ಮಾಡಬೇಕು.

ನಿನ್ನೆ ಅಕ್ಕನಿಗೆ ಸರಿಯಾಗಿ ಬರೆದು ಕಳಿಸಿದೆ. ತಕ್ಷಣ ಫೋನ್ ಮಾಡಿದಳು.